ಕೊನೆಯ ಆರು ಸಾಲು

ಬೆಳಿಗ್ಗೆ ಐದೂಮುಕ್ಕಾಲಿಗೆ ಶ್ರೀರಾಮಪುರದ ತಿರುವಿಗೆ
ಟೆಲಿಫೋನ್ ಕಾರ್ಖಾನೆಯ ಬಸ್ಸು.
ಅದಕ್ಕೂ ಮೊದಲೇ ಮುನಿವೆಂಕಟನ ಅಂಗಡಿಗೆ ಬಂದು ಬಿದ್ದಿತ್ತು
ದಾರ ಬಿಚ್ಚದ ಪತ್ರಿಕೆಯ ಕಟ್ಟು.
"ಬೇಗ ಬಿಚ್ಚಪ್ಪಾ" ಅಂದೆ.
"ಏನಮ್ಮಾ, ಲಾಟರಿ ರಿಸಲ್ಟಾ?"
ಹೂಂ, ಅಂಥದ್ದೇ.

ಮೂವತ್ತೆರಡನೇ ಪುಟ.
ಅಷ್ಟು ದಪ್ಪಕ್ಷರದಲ್ಲಿ ನನ್ನ ಹೆಸರು
ಎಂದೂ ಎಲ್ಲೂ ಕಂಡಿರಲಿಲ್ಲ.
ಚಿತ್ರ ಬರೆದವರು ನನ್ನ ಪುಟ್ಟನಂಜಿಗೆ
ಮೊಣಕಾಲು ಮುಟ್ಟುವ ಜಡೆ ಕೊಟ್ಟಿದ್ದರು,
ಮಲ್ಲಿಗೆಯನ್ನೂ ಮುಡಿಸಿದ್ದರು.
ಕಥೆಯಲ್ಲಿ ಅವಳು ಟೈಫಾಯಿಡ್ಡಿನಿಂದ ಎದ್ದವಳು,
ಗಂಡುಹುಡುಗನ ಹಾಗೆ ಮೋಟು ಕೂದಲು.
ಹೋಗಲಿ,
ಒಂದು ವಾರದ ಮಟ್ಟಿಗಾದರೂ ಬೆಳೆಯಿತಲ್ಲ.

ಬಸ್ಸಿನ ಕಂಬಿಗೆ ತೋಳು ಸುತ್ತಿ ಓದಿದೆ.
ಹಲಸೂರು ಕೆರೆ ಬಂದಾಗ ಕೊನೆಯ ಕಾಲಂ.
ರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ,
ಪುಟ್ಟನಂಜಿ ಎದ್ದು ಚಿಲಕದ ಮೇಲೆ ಕೈ ಇಡುತ್ತಾಳೆ.
ಅಲ್ಲಿಗೆ ಮುಗಿದಿತ್ತು.
ನಾನು ಬರೆದ ಮಿಕ್ಕ ಆರು ಸಾಲಿನ ಜಾಗದಲ್ಲಿ
ನಗುವ ಗೃಹಿಣಿ, ಪ್ರೆಷರ್ ಕುಕ್ಕರ್,
ಐದು ವರ್ಷ ಗ್ಯಾರಂಟಿ.

ಆವತ್ತು ನನ್ನ ಬೆಂಚಿನಲ್ಲಿ
ಹದಿನೇಳು ತಂತಿಗೆ ತಪ್ಪು ಬೆಸುಗೆ.
"ಮನೆಯಲ್ಲಿ ಏನಾದರೂ ತೊಂದರೆಯೇನಮ್ಮ?"
ಸೂಪರ್‌ವೈಸರು ಕೇಳಿದರು.
ಏನು ಹೇಳಲಿ?
ಸಂಪಾದಕರಿಗೆ ಎರಡು ಪುಟ ಸಿಟ್ಟಿನಲ್ಲಿ ಬರೆದೆ, ಹರಿದೆ.
ನನ್ನ ಇನ್ನೊಂದು ಕಥೆ ಅವರ ಮೇಜಿನ ಮೇಲಿತ್ತು.

ಮೂರನೇ ವಾರ ಓದುಗರ ಪತ್ರ.
ಹಿರಿಯೂರಿನ ಮೇಷ್ಟ್ರು: "ಚಿಲಕದ ಬಳಿ ನಿಲ್ಲಿಸಿದಿರಲ್ಲ,
ಎಂಥ ಸಂಯಮ!"
ತಿಪಟೂರಿನಿಂದ ಒಬ್ಬಾಕೆ:
"ತೆಗೆಯುತ್ತಾಳೆ ಅಂತ ನಮ್ಮತ್ತೆ, ಇಲ್ಲ ಅಂತ ನಾನು,
ಎರಡು ದಿನ ಮಾತು ಬಿಟ್ಟಿದ್ದೇವೆ, ದಯವಿಟ್ಟು ತಿಳಿಸಿ."
ಕಾರ್ಡು ತಂದೆ. ಬರೆದೆ: ನನಗೂ ಗೊತ್ತಿಲ್ಲ.
ಕುಕ್ಕರಿನ ಸಂಯಮವನ್ನು ನನ್ನದೆಂದು ಒಪ್ಪಿಕೊಂಡೆ.

ಎಪ್ಪತ್ತೈದು ರೂಪಾಯಿ ಮನಿಯಾರ್ಡರು.
ಪೋಸ್ಟ್‌ಮ್ಯಾನಿಗೆ ಎರಡು,
ಅವೆನ್ಯೂ ರಸ್ತೆಯಲ್ಲಿ ಹಾಳೆ, ಕಾರ್ಬನ್ನು,
ಮಿಕ್ಕದ್ದು ಅಮ್ಮನ ಸಾಸಿವೆ ಡಬ್ಬಿಗೆ.

ಆಮೇಲೆ ನಾಲ್ಕು ಪತ್ರಿಕೆಗಳಲ್ಲಿ ಒಂಬತ್ತು ಕಥೆ ಬಂದವು.
ಪ್ರತಿಸಲವೂ, ಎಲ್ಲಿ ಜಾಹೀರಾತು ಬಂದು ಕೂರಬಹುದೋ
ಅಲ್ಲಿಗೊಂದು ಮೆಟ್ಟಿಲು ಮೊದಲೇ
ನಾನೇ ಇಳಿದುಬಿಟ್ಟೆ.
ಸಂಯಮಿ ಎಂದು ಹೆಸರೂ ಬಂತು.

ಮೊನ್ನೆ ಭಾನುವಾರ
ವಠಾರದ ಚಿಕ್ಕತಾಯಮ್ಮ ಒಳಗೆ ಬಂದು ಕೂತಳು.
ಓದು ಬಾರದು. ಮೊಮ್ಮಗಳು ಓದಿ ಹೇಳಿದ್ದಾಳೆ.
"ನನ್ನ ಕೂದಲ ಕಥೆ ಬರೆದಿದೀಯಂತೆ."
ಕೈಯಲ್ಲಿದ್ದ ಕಾಫಿ ಲೋಟ ತುಳುಕಿತು, ನನ್ನದು.
"ಆ ರಾತ್ರಿ ಬಾಗಿಲು ಬಡಿದದ್ದು ಬರೆದೆ,
ಆಮೇಲಿಂದು ಯಾಕೆ ಬಿಟ್ಟೆ?"

ಬಿಟ್ಟಿರಲಿಲ್ಲವೇ ತಾಯಿ.
ಟ್ರಂಕಿನಿಂದ ಕಾರ್ಬನ್ ಪ್ರತಿ ತೆಗೆದು
ಆರೂ ಸಾಲು ಓದಿದೆ,
ಇಷ್ಟು ವರ್ಷದಲ್ಲಿ ಮೊದಲ ಸಲ, ಗಟ್ಟಿಯಾಗಿ.

ಕಣ್ಣು ಮುಚ್ಚಿ ಕೇಳಿದಳು.
"ಸುಳ್ಳು," ಅಂದಳು.
"ನಾನು ತೆಗೀಲೇ ಇಲ್ಲ.
ಬೆಳಗಿನ ತನಕ ಚಿಲಕ ಹಿಡಕೊಂಡು ನಿಂತಿದ್ದೆ.
ಅವರು ಕತ್ತರಿಸಿದ್ದೇ ವಾಸಿ."

ಆಮೇಲೆ ಮೂವತ್ತೆರಡನೇ ಪುಟವನ್ನು
ಕಿಟಕಿಯ ಬೆಳಕಿಗೆ ಹಿಡಿದು ನೋಡಿ,
"ಜಡೆ ಚೆಂದಾಗಿದೆ,
ಈ ಹಾಳೆ ನಂಗೆ ಕೊಡು" ಅಂದಳು.

ಪಿನ್ನು ಬಿಡಿಸಿ ಕೊಟ್ಟೆ.
ನನ್ನ ಪ್ರತಿಯಲ್ಲಿ ಈಗ ಕಥೆ
ನಡುವಿನಿಂದ ಶುರುವಾಗುತ್ತದೆ.