ಅರ್ಧ ದರ್ಜೆ

ಮೊರಾಗ್ ಟೆನೆಂಟ್ ಫೋನು ಮಾಡಿದ್ದು ಬೆಳಗಿನ ಏಳಕ್ಕೆ.
ನಾನಾಗ ಯಾರದೋ ಮನೆಯ ಅಟ್ಟದಲ್ಲಿ
ಟೇಪು ಹಲ್ಲಲ್ಲಿ ಕಚ್ಚಿಕೊಂಡು
ಹಳೇ ವೈರು ಎಳೆಯುತ್ತ ಬೋರಲು ಬಿದ್ದಿದ್ದೆ.
'ತಿಪೆನೆ, ಕೈಲಿರೋದು ಕೆಳಗಿಟ್ಟು ಕೇಳು,' ಅಂದಳು.
'ಸುಳ್ಳು ಬರೆದಿದ್ದೇನೆ. ಆರು ವರ್ಷ.'

ಅವಳು ಯಾರೆಂದು ಹೇಳಬೇಕು.
ರ‍್ಯಾನ್‌ಫರ್ಲಿಯ ಸುತ್ತಿನ ಬಯಲಲ್ಲಿ
ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕೊಟ್ಟಿಗೆಗಳಲ್ಲಿ
ಮೂವತ್ತೊಂದು ವರ್ಷ ದರ್ಜೆ ಹಾಕಿದವಳು.
ಒಂದೆಳೆ ಹೆಬ್ಬೆರಳಲ್ಲಿ ಹೊಸಕಿ
ಇದು ಮೊದಲನೇದು, ಇದು ಮೂರನೇದು,
ಇದು ಹೊಟ್ಟೆಯದು, ಅತ್ತ ಬಿಸಾಕು.
ಅವಳ ಮಾತಿನ ಮೇಲೇ ಮೂಟೆಗೆ ಮುದ್ರೆ.
ರಾತ್ರಿ ಕೈಯ ಜಿಡ್ಡು ಒರೆಸಿಕೊಂಡು
ಆಕಾಶಕ್ಕೂ ದರ್ಜೆ ಹಾಕುತ್ತಿದ್ದಳು.

ನಮ್ಮ ಸಂಘದ್ದು ಅಷ್ಟೇ ಕೆಲಸ:
ಬೆಳಗಿ ಸೊರಗುವ ನಕ್ಷತ್ರಗಳಿಗೆ ಕಾವಲು.
ಅವಳ ಪಾಲಿಗೆ ಬಂದದ್ದು ದಕ್ಷಿಣದ ಒಂದು ಕೆಂಪು ಚುಕ್ಕೆ,
ಹತ್ತು ತಿಂಗಳಿಗೆ ಒಂದು ಉಸಿರು ಎಳೆದು ಬಿಡುವಂಥದ್ದು.
ಆಚೆಗೊಂದು ಈಚೆಗೊಂದು ಬೆಲೆ ಗೊತ್ತಿರುವ ನಕ್ಷತ್ರ ಹಿಡಿದು
ಇದಕ್ಕಿಂತ ಮಂಕು, ಅದಕ್ಕಿಂತ ಚುರುಕು,
ನಡುವೆ ಎಲ್ಲಿ? ಅಲ್ಲೊಂದು ಅಂಕಿ.
'ಕೆಂಪನ್ನು ದಿಟ್ಟಿಸಬೇಡ,' ಎಂದು ಕಲಿಸಿದ್ದಳು,
'ದಿಟ್ಟಿಸಿದಷ್ಟೂ ಉಬ್ಬುತ್ತೆ,
ನೆಂಟರೆದುರು ಹೊಗಳಿಸಿಕೊಂಡ ಮಗುವಿನ ಹಾಗೆ.'
ಮೈನಸ್ ಹತ್ತರ ರಾತ್ರಿ. ಪೆನ್ನು ಹೆಪ್ಪುಗಟ್ಟಿ ಪೆನ್ಸಿಲು.
ಅಂದಾಜು ಅಂದರೆ ಊಹೆಯಲ್ಲ, ಹುಡುಗ.

ಈಗ ಡನೀಡನ್ನಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು.
ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಮಾತಿಗಾಯಿತು;
ಅವಳು ಬಿಡುತ್ತಿದ್ದದ್ದು ಡಾಕ್ಟರು ಕೊಟ್ಟ ಹನಿ,
ನಾಲ್ಕು ಗಂಟೆಗೊಮ್ಮೆ, ಅಲಾರಾಂ ಇಟ್ಟು.
ಪಟ್ಟಿ ಬಿಚ್ಚಿದರೆ ಅಡುಗೆಮನೆಯ ಗೋಡೆ ಬಿಳೀ!
ಕೆನೆಬಣ್ಣ ಬಳಿಸಿದ್ದೆ ಅಂತಲೇ
ಇಷ್ಟು ವರ್ಷ ನಂಬಿದ್ದಳು.
ಗೋಡೆ ಹಾಳಾಗಲಿ.
ಆ ರಾತ್ರಿ ಆರಿಂಚಿನ ದೂರದರ್ಶಕಕ್ಕೆ
ಎಡಗಣ್ಣಿಟ್ಟರೆ ಆರು ಪಾಯಿಂಟ್ ಮೂರು,
ಬಲಗಣ್ಣಿಟ್ಟರೆ ಆರು ಪಾಯಿಂಟ್ ಎಂಟು.
ಪೊರೆಯ ಹಳದಿ ನೀಲಿಯನ್ನೆಲ್ಲ ಕುಡಿದು
ಕೆಂಪಿಗೆ ಇಲ್ಲದ ದೊಡ್ಡಸ್ತಿಕೆ ಕೊಟ್ಟಿತ್ತು.

'ಆರು ವರ್ಷ ಬರೆದಿಟ್ಟದ್ದು ನನ್ನ ಪೊರೆಯ ಜಾತಕ.
ಹೊಡೆದುಹಾಕು ಎಲ್ಲ. ಕಾರ್ಯದರ್ಶಿ ನೀನು ತಾನೇ.'

ಸಂಜೆ ಹೋದೆ. ಮೇಜಿನ ತುಂಬ ನೋಟುಬುಕ್ಕು.
ಎರಡು ಸಾವಿರದ ನೂರ ಹದಿನಾಲ್ಕು ಅಂಕಿ,
ಕುದುರಿಸಿದ ಕೈಬರಹ, ಒಂದೂ ತಿದ್ದಿದ್ದಿಲ್ಲ.
ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ.
ಅವಳು ಕ್ಯಾಲೆಂಡರ್ ನೋಡುತ್ತಿದ್ದಳು.
'ಗುರುವಾರ ಎಡಗಣ್ಣೂ ಮಾಡುತ್ತಾರೆ,' ಅಂದಳು,
ಸ್ವಲ್ಪ ಸುಮ್ಮನಿದ್ದು,
'ಅಂದರೆ ಸಾಕ್ಷಿ ಇನ್ನೂ ಬದುಕಿದೆ. ಎಂಟು ರಾತ್ರಿ.'

ಐದು ರಾತ್ರಿ ಮೋಡ ತಿಂದಿತು.
ಉಳಿದ ಮೂರರಲ್ಲಿ ಹಿತ್ತಲಿನ ಹಿಮದ ಮೇಲೆ
ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿದು ನಾನು,
ಬಾಗಿ ಅವಳು.
ಎಡ. ಬಲ. ಎಡ. ಬಲ.
ಬಿಳಿ ನಕ್ಷತ್ರ, ಹಳದಿಯದು, ಕೆಂಪು, ಕಡುಗೆಂಪು,
ಒಂದೊಂದಕ್ಕೂ ಎರಡೆರಡು ಹೇಳಿಕೆ,
ತನ್ನ ಕಣ್ಣಿಗೆ ತಾನೇ ಪಾಟೀಸವಾಲು.
ಎಷ್ಟು ತಪ್ಪಿದ್ದೇನೆ ಎಂದು ಗೊತ್ತಾದರೆ
ತಪ್ಪಿದ್ದೂ ಕೆಲಸಕ್ಕೆ ಬರುತ್ತೆ ಅಂದಳು.
ಅವಳ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.
ಅತ್ತದ್ದಲ್ಲ, ಚಳಿ.

ಬುಧವಾರ ಎರಡೂವರೆಗೆ
ಎಡಗಣ್ಣಲ್ಲಿ ಒಮ್ಮೆ ಸುಮ್ಮನೆ ನೋಡಿದಳು.
ಅಂಕಿ ಹೇಳಲಿಲ್ಲ. ನಾನೂ ಕೇಳಲಿಲ್ಲ.
ಆಮೇಲೆ ಸರಿದು ಜಾಗ ಬಿಟ್ಟಳು. ನೋಡಿದೆ.
'ಎಷ್ಟು?'
'ಆರು ಪಾಯಿಂಟ್ ಏಳು.'
'ಬರಿ. ನಿನ್ನ ಹೆಸರಲ್ಲಿ.'
ಕೈಗವಸು ಕಳಚಿ ಬರೆದೆ.
'ಹುಟ್ಟಿದ ಇಸವಿಯನ್ನೂ ಬರಿ,' ಅಂದಳು
ಮುಚ್ಚಳ ಹುಡುಕುತ್ತ,
'ಮುಂದೆ ಯಾರಿಗಾದರೂ ಬೇಕಾಗುತ್ತೆ.'