ಕುದುರೆ ಹಡಗು

ಆಷಾಢ ಬಂತೆಂದರೆ ನಮ್ಮ ಬ್ಯಾಂಡಿಗೆ ಮದುವೆಯಿಲ್ಲ.
ಕೆಂಪು ಕೋಟುಗಳು ಮೊಳೆಗೆ ನೇತುಬಿದ್ದು
ಮಂಡಕ್ಕಿ ಭಟ್ಟಿಯ ಮಸಿ ಕುಡಿಯುತ್ತವೆ.
ಆಗಲೇ ಹುಸೇನಪೀರ್ ಮಾಸ್ತರು ಟ್ರಂಕಿನಿಂದ
ಇಲಿ ಕಡಿದ ನಲವತ್ತು ಹಾಳೆ ತೆಗೆದದ್ದು.
ಮೇಲೆ ಅವರದೇ ಕೈಬರಹ:
ಹುರ್ಮುಜಿನಿಂದ ಭಟ್ಕಳಕ್ಕೆ, ಕುದುರೆ ತುಂಬಿದ ಹಡಗು.
ಬ್ಯಾಂಡಿಗೆ. ಹದಿನೇಳು ನಿಮಿಷ.

'ಇದಕ್ಕೆ ಕುಣಿಯೋರು ಯಾರು ಮಾಸ್ತರೆ?'
ಸೈಡ್ ಡ್ರಮ್ಮಿನ ತಿಪ್ಪೇಶಿ ಕೇಳಿದ.
'ಕುಣಿಯೋದಲ್ಲಲೆ, ಕುಂತು ಕೇಳೋದು.'
ನಕ್ಕೆವು. ಈ ದಾವಣಗೆರೆಯಲ್ಲಿ
ನಮ್ಮನ್ನು ಕುಂತು ಕೇಳಿದವರು ಯಾರು?

ಸಮುದ್ರ ಕಂಡವನು ಟ್ರಂಬೋನಿನ ಕೊಟ್ರೇಶಿ ಒಬ್ಬನೇ,
ಅದೂ ಬಸ್ಸಿನ ಕಿಟಕಿಯಿಂದ, ಎರಡು ವಾಂತಿಯ ನಡುವೆ.
ಹೆಂಗಿತ್ತಲೆ?
ದೊಡ್ಡದಿತ್ತು.

ಮಾಸ್ತರೂ ಕಂಡವರಲ್ಲ.
ಸೂಳೆಕೆರೆ ಏರಿಯ ಮೇಲೆ ನಿಂತು
ಆಚೆ ದಡದ ಗುಡ್ಡವನ್ನು ಅಂಗೈಯಿಂದ ಮುಚ್ಚಿ
ಉಳಿದ ನೀರು ನೋಡುತ್ತ ಬರೆದರಂತೆ.

ಅಲೆಯ ಸದ್ದು ಮಾತ್ರ ಯಾವ ವಾದ್ಯದಲ್ಲೂ ಸಿಗಲಿಲ್ಲ.
ತಿಪ್ಪೇಶಿಯ ಕಡ್ಡಿಯಲ್ಲಿ ಆಲಿಕಲ್ಲು ಬಿತ್ತು, ಅಲೆ ಬರಲಿಲ್ಲ.
ಒಂದು ಮಧ್ಯಾಹ್ನ ಗೋಡೆಯಾಚೆ ಹಾಲಮ್ಮ
ಬಾಣಲೆಯ ಬಿಸಿ ಮರಳಿಗೆ ಅಕ್ಕಿ ಸುರಿದಳು,
ಸೊರ್ರೆಂದು ಎದ್ದು, ಉಬ್ಬಿ, ಹಿಂದೆ ಸರಿಯಿತು ಅದು.
ಮಾಸ್ತರು ಎತ್ತಿದ ಕೋಲು ಎತ್ತಿದ ಹಾಗೇ.
'ಇದು,' ಎಂದರು.
ಮರುದಿನದಿಂದ ಮೊರದಲ್ಲಿ ಮರಳು ಹಿಡಿದು
ಹಾಲಮ್ಮನೂ ಬ್ಯಾಂಡಿನಲ್ಲಿ, ಕೋಟಿಲ್ಲದೆ.

ನಾನು ಬೇಸ್ ಊದುವವನು.
ನನ್ನ ಹಾಳೆಯಲ್ಲಿ ಎರಡೇ ಸ್ವರ, ಮೊದಲಿಂದ ಕೊನೆಗೂ.
ಬೇಜಾರೆಂದೆ.
'ನೀನು ಹಡಗಿನ ತಳ ಕಣಪ್ಪ.
ನೀನು ನಿಂತರೆ ಕುದುರೆ ಮುಳುಗ್ತವೆ.'

ಮೂರನೆಯ ಭಾಗದಲ್ಲಿ ಗಾಳಿ ಎದ್ದು
ಒಂದು ಕುದುರೆಯ ಕಾಲು ಮುರಿಯುತ್ತದೆ.
ಅದನ್ನು ನೀರಿಗೆ ತಳ್ಳುವಲ್ಲಿ ಮಾಸ್ತರು
ಏನನ್ನೂ ಬರೆದಿರಲಿಲ್ಲ. ನಾಲ್ಕು ಎಣಿಕೆ, ಬರೀ ಖಾಲಿ.
ಅಲ್ಲಿ ಮಾತ್ರ ನನಗೂ ನಿಲ್ಲಲು ಅಪ್ಪಣೆ.
ಆ ನಾಲ್ಕು ಎಣಿಕೆಯಲ್ಲಿ ಕೇಳಿಸಿದ್ದು:
ಪಕ್ಕದ ಮನೆಯ ಕುಕ್ಕರು,
ರೈಲ್ವೆ ಗೇಟಿನ ಗಂಟೆ,
ಮೊರದ ಅಂಚಿನಿಂದ ಜಾರಿದ ಒಂದಿಷ್ಟು ಮರಳು.

ಕೊನೆಯ ಭಾಗ ಇಲಿಯ ಪಾಲು.
ಭಟ್ಕಳ ಸಿಗಲಿಲ್ಲ.

ಶ್ರಾವಣದ ಮೊದಲ ಮೆರವಣಿಗೆ. ಪಿ.ಬಿ. ರಸ್ತೆ.
ಜಾಫರನ ಬಿಳಿ ಕುದುರೆಯ ಮೇಲೆ ಮದುಮಗ,
ಸಿನಿಮಾ ಹಾಡು, ಶರ್ಟಿನ ಗುಂಡಿ ಬಿಚ್ಚಿ ಕುಣಿಯುವ ಗೆಳೆಯರು.
ಇದ್ದಕ್ಕಿದ್ದಂತೆ ಜನರೇಟರು ಕೆಮ್ಮಿ ನಿಂತಿತು.
ತಲೆಮೇಲಿನ ದೀಪಗಳೆಲ್ಲ ಆರಿದವು.
ಕತ್ತಲಲ್ಲಿ ಮಾಸ್ತರ ಬಿಳಿ ಕೈಗವಸು ಮೇಲೆದ್ದು
ನನ್ನ ಕಡೆ ಎರಡು ಬೆರಳು ತೋರಿಸಿತು.

ಊದಿದೆ.
ಒಬ್ಬೊಬ್ಬರೇ ಬಂದು ಸೇರಿದರು, ಕೊಟ್ರೇಶಿ ತಡವಾಗಿ.
'ಯಾವ ಹಾಡಲೆ ಇದು?' ಯಾರೋ ಕೂಗಿದರು.
ಕುದುರೆ ಕಿವಿ ನಿಮಿರಿಸಿತು.
ನಾಲ್ಕೂ ಕಾಲು ಅಗಲಿಸಿ ಊರಿ ನಿಂತಿತು,
ಕೆಳಗಿನ ನೆಲ ತೂಗುತ್ತಿರುವಂತೆ.
ಜಾಫರ ಲಗಾಮು ಜಗ್ಗಿದ. ಕದಲಲಿಲ್ಲ.

ಜನರೇಟರು ಬಂತು, ದೀಪ ಬಂತು,
ಮದುಮಗನ ಮಾವ ಬೈಯುತ್ತ ಓಡಿಬಂದ.
ನಾನು ನಿಲ್ಲಿಸಲಿಲ್ಲ.