ನಾಳೆ ಸಾವಿರದೈನೂರ ಎಂಬತ್ತೈದು

ನಾಳೆ ಬೆಳಗ್ಗೆ ಎಂಟಕ್ಕೆ ಈ ಕೋಣೆಯಲ್ಲಿ
ಇಸವಿ ಸಾವಿರದೈನೂರ ಎಂಬತ್ತೈದು. ಗೊತ್ತಾಯಿತೆ?
ಟ್ಯೂಡರ್ ಕಾಲದ ಹೆಂಗಸೊಬ್ಬಳು ಬರುತ್ತಾಳೆ,
ಉಣ್ಣೆಯ ದಪ್ಪ ಲಂಗ ತೊಟ್ಟು.
ಅವಳನ್ನು ವೈಫೈ ಕೇಳಬೇಡಿ.
ಊಟಕ್ಕೆ ಫೋರ್ಕ್ ಕೇಳಬೇಡಿ,
ಆಲೂಗಡ್ಡೆ ಇನ್ನೂ ಅವಳ ಊರು ಮುಟ್ಟಿಲ್ಲ.
'ಅಂದರೆ ಚಿಪ್ಸ್?' ಎಂದ ಓವೆನ್,
ಯಾರೋ ಸತ್ತ ಸುದ್ದಿ ಕೇಳಿದವನಂತೆ.

ಮಸ್ಕತ್ತಿನ ಮೇ ತಿಂಗಳು. ಕಿಟಕಿಯಾಚೆ ನಲವತ್ತಮೂರು ಡಿಗ್ರಿ.
ಕಾಫಿ ಸೋಸುವ ಕಾಗದ ನೆರಿಗೆ ಹಿಡಿದು ಹಿಡಿದು
ಇಪ್ಪತ್ತಾರು ಕೊರಳಿಗೆ ಪಟ್ಟಿ ಮಾಡಿದ್ದೇನೆ;
ಬೆರಳ ತುದಿಗೆಲ್ಲ ಗೋಂದು.

ಮಝೂನಳಿಗೆ ರಾಣಿಯ ಪಾತ್ರ ಬೇಡವಂತೆ.
'ಆವಾಗ ನಾವೆಲ್ಲಿದ್ದೆವು, ಮಿಸ್?'
ಇಲ್ಲೇ ಮಗಾ. ನಿನ್ನ ಅಜ್ಜನಜ್ಜನ ಅಜ್ಜ
ಆ ಬಂಡೆಯ ಮೇಲೆ ಕೂತು
ಪೋರ್ಚುಗೀಸರ ಹಡಗು ಎಣಿಸುತ್ತಿದ್ದ.
'ನೀವು?'
ನನ್ನ ಕೈಯಲ್ಲಿ ಕಿತ್ತಳೆ. ಲವಂಗ ಚುಚ್ಚಿ
ನಾಳೆಗೆ ಘಮಘಮಿಸುವ ಉಂಡೆ ಮಾಡಬೇಕು.
ನಾನಾ, ಬಸರೂರಿನ ಹೊಳೆದಂಡೆಯಲ್ಲಿ
ಅಕ್ಕಿಮುಡಿ ಕಟ್ಟುತ್ತಿದ್ದೆನೇನೋ,
ಇತ್ತ ಬರುವ ಹಡಗಿಗೆ.
ಅವಳು ನಂಬಲಿಲ್ಲ. ಒಂದು ಲವಂಗ ಕದ್ದು ಬಾಯಿಗೆ ಹಾಕಿಕೊಂಡಳು.

ಗಂಟೆ ಹೊಡೆಯಿತು. ವಂದಿಸುವುದು ಬಾಕಿ.
ಬಸ್ಸಿನ ಸಾಲಿನಲ್ಲೇ ಕಲಿಸಿದೆ:
ಬಲಗಾಲು ಹಿಂದೆ, ಟೊಪ್ಪಿ ಎದೆಗೆ, ಕಣ್ಣು ನೆಲಕ್ಕೆ.
ಎದುರಿಗೆ ದೊಡ್ಡ ಮನುಷ್ಯ ಯಾರಾದರೂ ಬೇಕಲ್ಲ,
ಗೇಟಿನ ಕಾವಲಿನ ದಿಲ್‌ಮುರಾದನನ್ನು ಕರೆದೆ.
ನೀರಿನ ಬಾಟಲಿ ಹಿಡಿದೇ ಬಂದು ನಿಂತ.
ಇಪ್ಪತ್ತಾರು ತಲೆ ಒಟ್ಟಿಗೆ ಬಾಗಿದವು.

ಅವನು ತಿರುಗಿ ನೋಡಿದ,
ಹಿಂದೆ ಯಾರು ಬಂದರೆಂದು.